ಮೊದಲು ಡ್ರಿಪ್, ಆಮೇಲೆ ಮಣಿಪಾಲ

ಹಾವು ಕಚ್ಚಿದಾಗ ಬೇರು ಅರೆದು ಕುಡಿಸಿದ್ದಕ್ಕೇ ನನ್ನ ಗಂಡ ಬದುಕಿದ್ದು ಎಂದು ನಮ್ಮ ಚಿಕ್ಕಮಾವ ಈಗಲೂ ಮದುವೆಮನೆಗಳಲ್ಲಿ ಹೇಳಿಕೊಂಡು ತಿರುಗುತ್ತಿದ್ದಾರೆ. ಕುಡಿಸಿದ್ದು ಹೌದು. ನಾನು ರಿಕ್ಷಾ ಕರೆಯಲು ರಸ್ತೆಗೆ ಓಡಿದ ಹೊತ್ತಿನಲ್ಲಿ, ನನಗೆ ಗೊತ್ತಾಗದ ಹಾಗೆ. ಅದರಲ್ಲಿ ಬಹುಪಾಲು ದಾರಿಯಲ್ಲೇ ವಾಂತಿಯಾಗಿ ಹೋಯಿತು. ಹಾಗಾಗಿ ನಡೆದದ್ದನ್ನು ನಾನೇ ಬರೆದಿಡುತ್ತಿದ್ದೇನೆ.

ಮಳೆ ಹಿಡಿಯುವ ಮೊದಲು ಮಡಲು ಒಳಗೆ ಹಾಕುವ ಗಡಿಬಿಡಿ ಉತ್ತರ ಕನ್ನಡದ ಕರಾವಳಿಯವರಿಗೆ ಹೊಸತಲ್ಲ. ರಾಶಿಯ ಅಡಿಗೆ ಕೈ ಹಾಕಿದ ನನ್ನ ಗಂಡ ಒಮ್ಮೆಲೇ ಹಿಂದೆ ಸರಿದರು. ಕುಕ್ಕರಿನ ಹಬೆ ಬಿಟ್ಟ ಹಾಗೆ ಬುಸ್ಸೆಂದದ್ದು ಜಗಲಿಯಲ್ಲಿದ್ದ ನನಗೂ ಕೇಳಿಸಿತು. ಕೊಳಕುಮಂಡಲ, ಕೈಗೇ ಕಚ್ಚಿತ್ತು. ಚಿಕ್ಕಮಾವ ನಾರಿನ ಹಗ್ಗ ಹಿಡಿದು ಬಂದರು. ಕಟ್ಟಬೇಡಿ, ಮಂಡಲದ ವಿಷ ಒಂದೇ ಕಡೆ ನಿಂತರೆ ಮಾಂಸವೇ ಕೊಳೆಯುತ್ತದೆ ಎಂದೆ. "ನಾವು ಹಾವು ಕಂಡವರಲ್ಲವಾ?" ಎಂದು ನನ್ನ ಮೇಲೆಯೇ ರೇಗಿದರು. ಅವರ ನಾಟಿ ವೈದ್ಯರ ಮನೆ ಹೊಳೆಯಾಚೆ. ಆಸ್ಪತ್ರೆ ಈಚೆ. ಆ ಜಗಳದ ನಡುವೆಯೇ ಗಂಡನ ಉಂಗುರಕ್ಕೆ ಸೋಪು ಸವರಿ ತಿರುಗಿಸಿ ತಿರುಗಿಸಿ ತೆಗೆದೆ. ಇನ್ನು ಸ್ವಲ್ಪ ತಡವಾಗಿದ್ದರೆ ಬೆರಳನ್ನೇ ಕತ್ತರಿಸುವ ಹಾಗೆ ಕೈ ಊದಿಕೊಳ್ಳುತ್ತಿತ್ತು.

108ರ ಗಾಡಿ ದೂರದಲ್ಲಿದೆ ಎಂದಿದ್ದರಿಂದ ರಿಕ್ಷಾದಲ್ಲೇ ಹೋದೆವು. ನಾವು ಹೋದ ಸರ್ಕಾರಿ ಆಸ್ಪತ್ರೆಯ ಡ್ಯೂಟಿ ಡಾಕ್ಟರು ಕೈಯನ್ನು ದೂರದಿಂದಲೇ ನೋಡಿ ರೆಫರ್ ಚೀಟಿ ಬರೆಯತೊಡಗಿದರು. "ಇಲ್ಲಿ ಐಸಿಯು ಇಲ್ಲ. ಇಂಜೆಕ್ಷನ್ ಕೊಟ್ಟು ರಿಯಾಕ್ಷನ್ ಆದರೆ ಯಾರು ಜವಾಬ್ದಾರಿ? ಮಣಿಪಾಲಕ್ಕೆ ಹೋಗಿ." ಮಣಿಪಾಲವೆಂದರೆ ನಮ್ಮಲ್ಲಿಂದ ನೂರು ಕಿಲೋಮೀಟರಿಗೂ ಹೆಚ್ಚು. ಆ ದಾರಿಯಲ್ಲೇ 2022ರ ಜುಲೈಯಲ್ಲಿ ಹೊನ್ನಾವರದಿಂದ ಹೊರಟ ಆಂಬ್ಯುಲೆನ್ಸು ಶಿರೂರು ಟೋಲ್‌ಗೇಟಿನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತದ್ದನ್ನು ಈ ಕಡೆಯವರು ಯಾರೂ ಮರೆತಿಲ್ಲ. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂದು ಆಗ ಎಷ್ಟು ಕೂಗಿದೆವು!

ನಮ್ಮೂರ ಆಶಾ ಕಾರ್ಯಕರ್ತೆಗೆ ಫೋನ್ ಹಚ್ಚಿದೆ. ಅವಳು ಕೇಳಿದ್ದು ಒಂದೇ: "ಟ್ಯೂಬಿಗೆ ರಕ್ತ ತಗಂಡ್ರಾ?" ನಾನು ಅದನ್ನೇ ಡಾಕ್ಟರ ಮುಂದೆ ಗಟ್ಟಿಯಾಗಿ ಕೇಳಿದೆ. ಅವರು ಮಾತಾಡಲಿಲ್ಲ. ವಯಸ್ಸಾದ ಸಿಸ್ಟರ್ ಒಬ್ಬರು ಯಾರ ಅಪ್ಪಣೆಗೂ ಕಾಯದೆ ಒಣಗಿದ ಗಾಜಿನ ಟ್ಯೂಬೊಂದನ್ನು ತಂದರು. ಎರಡು ಎಂಎಲ್ ರಕ್ತ ಹಾಕಿ ಸ್ಟ್ಯಾಂಡಿಗೆ ಸಿಕ್ಕಿಸಿ, "20 ನಿಮಿಷ ಯಾರೂ ಮುಟ್ಟಬೇಡಿ" ಎಂದರು.

ಆ 20 ನಿಮಿಷ ನಾನು ಗಂಡನ ಮುಖವನ್ನೂ ಸರಿಯಾಗಿ ನೋಡಲಿಲ್ಲ, ಟ್ಯೂಬನ್ನೇ ನೋಡುತ್ತಿದ್ದೆ. ಕೈ ಮೊಣಕೈವರೆಗೆ ಊದಿತ್ತು. ಉಗುಳಿದರೆ ಎಂಜಲು ಕೆಂಪು. ಒಸಡಿನಿಂದ ರಕ್ತ ಜಿನುಗುತ್ತಿತ್ತು. ಹೊರಗೆ ಚಿಕ್ಕಮಾವ ಫೋನಿನಲ್ಲಿ ಯಾರಿಗೋ "ಇವಳು ಗಂಡನ್ನ ಕೊಲ್ತಾಳೆ" ಅನ್ನುತ್ತಿದ್ದರು. ಡಾಕ್ಟರು ಚೀಟಿಗೆ ಸೀಲು ಹುಡುಕುತ್ತಿದ್ದರು. ಹೊತ್ತಾದ ಮೇಲೆ ಸಿಸ್ಟರ್ ಟ್ಯೂಬನ್ನು ವಾಲಿಸಿದರು. ಹೆಪ್ಪುಗಟ್ಟಿದ ರಕ್ತ ಅಲುಗಾಡುವುದಿಲ್ಲವಂತೆ. ಇದು ನೀರಿನಂತೆ ಬಾಯಿಯವರೆಗೆ ಹರಿದು ಬಂತು. ವಿಷ ರಕ್ತಕ್ಕಿಳಿದಿದೆ ಎನ್ನುವುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. "ಮೊದಲು ಡ್ರಿಪ್ ಹಾಕಿ, ಆಮೇಲೆ ಮಣಿಪಾಲ. ಇಲ್ಲವಾದರೆ ಹಾಕುವುದಿಲ್ಲ ಎಂದು ಚೀಟಿಯಲ್ಲೇ ಬರೆದುಕೊಡಿ" ಎಂದೆ. ನನ್ನ ಗಂಟಲು ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ.

ಹಾವಿನ ವಿಷಕ್ಕೆ ಕೊಡುವ ಔಷಧಿ ಅಲ್ಲೇ ಇತ್ತು! ಸಿಸ್ಟರ್ ಪುಡಿ ತುಂಬಿದ 10 ಸೀಸೆಗೆ ನೀರು ಸೇರಿಸಿ, ನೊರೆ ಬರದಂತೆ ಒಂದೊಂದನ್ನೂ ಅಂಗೈಗಳ ನಡುವೆ ಹೊರಳಿಸಿ ಕರಗಿಸಿದರು. ಡ್ರಿಪ್ ಅರ್ಧವಾಗುವಾಗ ಮೈತುಂಬ ದದ್ದು, ಹಲ್ಲು ಕಟಕಟಿಸುವ ಚಳಿ. ಕುದುರೆಯ ರಕ್ತದಿಂದ ತಯಾರಾಗುವ ಔಷಧಿ, ಕೆಲವರಿಗೆ ಹೀಗಾಗುತ್ತದೆ. ಡಾಕ್ಟರು ಡ್ರಿಪ್ ನಿಲ್ಲಿಸಿ, ಅಡ್ರಿನಲಿನ್ ಕೊಟ್ಟು, ಚಳಿ ಇಳಿದ ಮೇಲೆ ಮತ್ತೆ ಹಚ್ಚಿದರು. ಅದನ್ನು ಚೆನ್ನಾಗಿಯೇ ಮಾಡಿದರು, ಇಲ್ಲವೆನ್ನುವುದಿಲ್ಲ. ಮಾಡಲು ಬರುತ್ತಿದ್ದವರು ಯಾಕೆ ಅಷ್ಟು ಹೊತ್ತು ಕಾಯಿಸಿದರು ಎನ್ನುವುದೇ ನನ್ನ ಸಿಟ್ಟು.

ಮಣಿಪಾಲಕ್ಕೂ ಹೋದೆವು, ಮೂತ್ರ ಕಡಿಮೆಯಾಗಿತ್ತು, ಮಂಡಲದ ವಿಷ ಕಿಡ್ನಿಗೂ ಇಳಿಯುತ್ತದೆ. ಡಯಾಲಿಸಿಸ್‌ವರೆಗೆ ಹೋಗಲಿಲ್ಲ. ಮನೆಗೆ ಬಂದು ವಾರ ಕಳೆದ ಮೇಲೆ ಜ್ವರ, ಗಂಟುನೋವು ಶುರುವಾದಾಗ ಚಿಕ್ಕಮಾವ "ವಿಷ ಮರುಕಳಿಸಿತು" ಎಂದು ಮತ್ತೆ ಬೇರು ತಂದರು. ಅದು ವಿಷವಲ್ಲ, ಆ ಇಂಜೆಕ್ಷನ್ನಿಗೇ ಮೈ ತಡವಾಗಿ ತೋರಿಸುವ ಪ್ರತಿಕ್ರಿಯೆ ಎಂದು ಡಾಕ್ಟರು ಹೇಳಿ ಮಾತ್ರೆ ಕೊಟ್ಟರು.

ಬೇರೆಯವರಿಗೆ ಹೇಳುವುದು ಇಷ್ಟೇ. ಕಟ್ಟಬೇಡಿ, ಕೊಯ್ಯಬೇಡಿ, ಹಾವು ಹೊಡೆದು ತರುತ್ತ ಕೂರಬೇಡಿ. ನಾಗರ, ಕಟ್ಟುಹಾವು, ಎರಡು ಬಗೆಯ ಮಂಡಲ, ನಾಲ್ಕಕ್ಕೂ ಒಂದೇ ಔಷಧಿ. ಕೈಕಾಲು ಅಲುಗಾಡಿಸದೆ ಬೇಗ ಹೊರಡಿ. ಮಂಡಲವಾದರೆ ಟ್ಯೂಬ್ ಪರೀಕ್ಷೆ ಕೇಳಿ. ಕಟ್ಟುಹಾವಿಗೆ ಆ ಪರೀಕ್ಷೆ ನಂಬಬೇಡಿ, ರೆಪ್ಪೆ ಜೋತು ಬೀಳುತ್ತದೆಯೇ ನೋಡಿ. ರೆಫರ್ ಚೀಟಿಯಲ್ಲಿ ಎಷ್ಟು ಸೀಸೆ, ಎಷ್ಟು ಹೊತ್ತಿಗೆ ಎಂದು ಬರೆಸಿಕೊಳ್ಳಿ.

2024ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯ ಪಟ್ಟಿಗೆ ಸೇರಿಸಿದೆ. ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕು. ವರದಿಯಾದರೆ ಸಾಲದು, ಔಷಧಿಯೂ ಇರಬೇಕಲ್ಲ ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು, ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈಗ ಎಷ್ಟು ಸೀಸೆ ಇದೆ ಎಂದು ಕೇಳಿದೆ. "ಕೇಳಿ ತಿಳಿಸುತ್ತೇವೆ" ಎಂದು ಬರೆದುಕೊಂಡರು. ಇನ್ನೂ ತಿಳಿಸಿಲ್ಲ.