ಅಂಗೈಯ ಮೇಲಿನ ಮೀನು

ಅಂಗೈಯ ಮೇಲಿಟ್ಟೊಡನೆ ತಲೆಯೆತ್ತಿ ಬಾಲವಾಡಿಸುವ ತೆಳುವಾದ ಕೆಂಪು ಮೀನನ್ನು ಕಂಡು ಬೆರಗಾಗದ ಮಕ್ಕಳು ವಿರಳ. ಪಾಶ್ಚಾತ್ಯ ದೇಶಗಳಲ್ಲಿ ‘ಭವಿಷ್ಯ ಹೇಳುವ ಮೀನು’ ಎಂಬ ಹೆಸರಿನಿಂದ ಈ ಆಟಿಕೆ ಬಹುಕಾಲದಿಂದ ಮಾರಾಟವಾಗುತ್ತಿದೆ. ಅದರ ಲಕೋಟೆಯ ಮೇಲೆ ಒಂದು ಪಟ್ಟಿಯಿರುತ್ತದೆ: ತಲೆ ಅಲುಗಿದರೆ ಅಸೂಯೆ, ಬಾಲ ಅಲುಗಿದರೆ ಉದಾಸೀನತೆ, ಅಂಚುಗಳು ಮಡಿಸಿಕೊಂಡರೆ ಚಂಚಲತೆ, ಮಗುಚಿ ಬಿದ್ದರೆ ಕಪಟ. ದೊಡ್ಡವರು ಇದನ್ನು ನಕ್ಕು ಮರೆಯಬಹುದು. ಆದರೆ ತರಗತಿಯಲ್ಲಿ ಒಬ್ಬ ಬಾಲಕನ ಕೈಯಲ್ಲಿ ಮೀನು ಮಗುಚಿ, ಸಹಪಾಠಿಗಳು ಅವನನ್ನು ‘ಕಪಟಿ’ ಎಂದು ಕರೆದರೆ, ಅದು ವಿನೋದವಾಗಿ ಉಳಿಯುವುದಿಲ್ಲ. ಆಗ ಮೀನನ್ನೇ ಪರೀಕ್ಷೆಗೆ ಒಳಪಡಿಸುವುದು ಉಪಾಧ್ಯಾಯರ ಕರ್ತವ್ಯವಾಗುತ್ತದೆ.

ಇಂತಹ ಮೀನನ್ನು ಸೆಲೋಫೇನ್ ಹಾಳೆಯಿಂದ ಕತ್ತರಿಸಬಹುದು. ನೀರು ಹೀರುವ ಬೇರೆ ಪಾಲಿಮರುಗಳಿಂದ ಮಾಡಿದವೂ ಉಂಟು, ತತ್ತ್ವ ಒಂದೇ. ಸೆಲೋಫೇನ್ ಎಂಬುದು ಮರದ ತಿರುಳಿನ ಸೆಲ್ಯುಲೋಸ್. ಅದರ ಉದ್ದವಾದ ಅಣುಸರಪಳಿಗಳು ನೀರಿನ ಅಣುಗಳನ್ನು ಸೆಳೆದುಕೊಳ್ಳುತ್ತವೆ. ನೀರು ನಡುವೆ ಸೇರಿದಂತೆ ಸರಪಳಿಗಳು ಪರಸ್ಪರ ದೂರ ಸರಿದು ಹಾಳೆ ಹಿಗ್ಗುತ್ತದೆ. ಅಂಗೈಗೆ ತಾಗಿದ ಮೈ ಮೊದಲು ತೇವಗೊಂಡು ಹಿಗ್ಗುತ್ತದೆ. ಮೇಲ್ಮೈ ಇನ್ನೂ ಒಣಗಿಯೇ ಇರುತ್ತದೆ. ಈ ಅಸಮತೆಯಿಂದ ಅಂಚುಗಳು ಮೇಲಕ್ಕೆ ಬಾಗುತ್ತವೆ. ಮೇಲೆದ್ದ ಭಾಗ ಗಾಳಿಗೆ ಒಣಗಿ ಮತ್ತೆ ಇಳಿಯುತ್ತದೆ. ಮೀನಿನ ‘ಜೀವ’ ಇಷ್ಟೇ. ಮಳೆಗಾಲದಲ್ಲಿ ಮರದ ಬಾಗಿಲು ಬಿಗಿಯಾಗುವುದೂ ಇದೇ ಕಾರಣದಿಂದ.

ಈ ಗುಣವನ್ನು ವಿಜ್ಞಾನವು ಅಳತೆಗೂ ಬಳಸಿಕೊಂಡಿದೆ. ಒಣಗಾಳಿಯಿಂದ ಪೂರ್ಣ ತೇವದ ಗಾಳಿಗೆ ಬಂದಾಗ ಮನುಷ್ಯನ ಕೂದಲು ಶೇಕಡಾ 2ರಿಂದ 2.5ರಷ್ಟು ಉದ್ದವಾಗುತ್ತದೆ. ಜಿನೀವಾದ ವಿಜ್ಞಾನಿ ಸೊಸ್ಯೂರ್ ಇದನ್ನೇ ಆಧರಿಸಿ ರಚಿಸಿದ ಆರ್ದ್ರತಾಮಾಪಕದ ವಿವರವನ್ನು 1783ರಲ್ಲಿ ಪ್ರಕಟಿಸಿದನು. ಸ್ವಿಟ್ಜರ್ಲೆಂಡಿನ ಬ್ರಾಂಡೆನ್‌ಬರ್ಗರ್ 1908ರಲ್ಲಿ ರೂಪಿಸಿದ ಸೆಲೋಫೇನ್‌ಗಾದರೋ, ತೇವವನ್ನು ಒಳಬಿಡುವುದೇ ದೋಷವೆನಿಸಿತು. ಅದರಲ್ಲಿ ಸುತ್ತಿದ ತಿನಿಸು ಕೆಡುತ್ತಿತ್ತು. 1927ರಲ್ಲಿ ಅಮೆರಿಕದ ಡ್ಯೂಪಾಂಟ್ ಸಂಸ್ಥೆಯ ಹೇಲ್ ಚಾರ್ಚ್ ತೆಳುಲೇಪನದಿಂದ ಈ ಕೊರತೆಯನ್ನು ನೀಗಿಸಿದನು. ಆದುದರಿಂದ ಶಾಲೆಯಲ್ಲಿ ಮೀನು ಕತ್ತರಿಸುವವರು ಲೇಪನವಿಲ್ಲದ ಹಾಳೆಯನ್ನೇ ಆರಿಸಬೇಕು. ಪ್ಲಾಸ್ಟಿಕ್ ಹಾಳೆಯ ಮೀನು ಹೊರಳುವುದಿಲ್ಲ.

ಪರೀಕ್ಷೆ ಸುಲಭ. ಮೊದಲು ಮೀನನ್ನು ಒಣ ಮೇಜಿನ ಮೇಲಿಡಬೇಕು, ಅದು ಸುಮ್ಮನಿರುತ್ತದೆ. ಅನಂತರ ಒದ್ದೆ ಮಾಡಿ ಹಿಂಡಿದ ಬಟ್ಟೆಯ ಮೇಲಿಡಬೇಕು. ಮನಸ್ಸಿಲ್ಲದ ಬಟ್ಟೆಯ ಮೇಲೆಯೂ ಅದು ಹೊರಳುತ್ತದೆ. ಕೊನೆಗೆ ಅಂಗೈಗೂ ಮೀನಿಗೂ ನಡುವೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನಿಡಬೇಕು. ಕೈಯ ಬಿಸಿ ದಾಟುತ್ತದೆ, ತೇವ ದಾಟದು. ಹೊರಳಾಟ ಬಹುಮಟ್ಟಿಗೆ ನಿಲ್ಲುತ್ತದೆ. ಕಾರಣ ಬಿಸಿಯಲ್ಲ, ತೇವವೆಂಬುದನ್ನು ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ. ಒಂದೇ ಮಗುವಿನ ಕೈಯಲ್ಲಿ ಐದು ಬಾರಿ ಇಟ್ಟು ನೋಡಿದರೆ ಮೀನು ತನ್ನ ಮಾತನ್ನು ತಾನೇ ಬದಲಿಸುವುದೂ ಕಾಣುತ್ತದೆ.

ಅಂಗೈಯಲ್ಲಿ ಬೆವರಿನ ಗ್ರಂಥಿಗಳು ದಟ್ಟವಾಗಿವೆ. ಭಯವಾದಾಗ ಅವು ಹೆಚ್ಚು ಬೆವರನ್ನು ಸ್ರವಿಸುತ್ತವೆ. ಎಲ್ಲರೂ ಸುತ್ತುವರಿದು ನೋಡುವಾಗ ಅಂಜುವ ಮಗುವಿನ ಕೈಯಲ್ಲಿ ಮೀನು ಹೆಚ್ಚು ಹೊರಳಿದರೆ ಆಶ್ಚರ್ಯವಿಲ್ಲ. ಅದು ಸಾರುವುದು ಕಪಟವನ್ನಲ್ಲ, ಬೆವರನ್ನು. ಲಕೋಟೆಯ ಪಟ್ಟಿಯನ್ನು ತೆಗೆದಿರಿಸಿ ಆ ಮಗುವಿನ ಕೈಯಿಂದಲೇ ಮೊದಲ ಪ್ರಯೋಗವನ್ನು ಮಾಡಿಸುವ ಉಪಾಧ್ಯಾಯರು ವಿಜ್ಞಾನವನ್ನೂ ಕಲಿಸುತ್ತಾರೆ, ಮಗುವಿನ ಮಾನವನ್ನೂ ಕಾಯುತ್ತಾರೆ.