ಹಿಂದಿರುಗುವ ಕ್ರಮವಿಧಿ, ಹಿಂದಿರುಗದ ಲೋಕ

ಗಣಕಯಂತ್ರದ ಮೇಲೆ ಹತ್ತಾರು ಮಂದಿ ಕೂಡಿ ಆಡುವ ಆಟಗಳನ್ನು ನಮ್ಮ ವಿದ್ಯಾರ್ಥಿಗಳು ಚೆನ್ನಾಗಿ ಬಲ್ಲರು. ಆಡುವವರು ಬೇರೆ ಬೇರೆ ಊರುಗಳಲ್ಲಿದ್ದರೂ ಆಟದ ಲೋಕ ಒಂದೇ. ಆ ಲೋಕವನ್ನು ತನ್ನಲ್ಲಿರಿಸಿಕೊಂಡು ಎಲ್ಲರಿಗೂ ಒದಗಿಸುವ ಗಣಕಕ್ಕೆ ಸರ್ವರ್ ಎಂದು ಹೆಸರು. ಅದರ ಕ್ರಮವಿಧಿಯನ್ನು ಆಗಾಗ ಹೊಸದಾಗಿಸಬೇಕಾಗುತ್ತದೆ. ಕೆಲಸವೇನೋ ನಾಲ್ಕಾರು ಆಜ್ಞೆಗಳಲ್ಲಿ ಮುಗಿಯುವಂಥದು. ಆದರೆ ತತ್ತ್ವವನ್ನರಿಯದೆ ಕೈಹಾಕಿದರೆ, ಹಲವರು ತಿಂಗಳುಗಟ್ಟಲೆ ಶ್ರಮಿಸಿ ಕಟ್ಟಿದ ಊರು ಒಂದೇ ಸಂಜೆಯಲ್ಲಿ ಓದಲಾಗದ ಅಂಕೆಗಳ ರಾಶಿಯಾದೀತು.

ಲುವಾಂಟಿ ಎಂಬುದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಫಿನ್ಲೆಂಡಿನ ಪೆರ್ಟು ಅಹೋಲ 2010ರಲ್ಲಿ ಆರಂಭಿಸಿದ ಇದು 2024ರವರೆಗೆ ಮೈನ್‌ಟೆಸ್ಟ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿತ್ತು. ಇದರಲ್ಲಿ ಬೆಟ್ಟ, ಮನೆ, ನೀರು ಎಲ್ಲವೂ ಸಣ್ಣ ಘನಗಳಿಂದಾದವು. ಇದರ ಮೂಲಲಿಪಿಯನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಅನೇಕರು ಬರೆದ ಈ ಲಿಪಿಯನ್ನು ಗಿಟ್ ಎಂಬ ಆವೃತ್ತಿ ಭಂಡಾರದಲ್ಲಿ ಕಾಪಾಡುತ್ತಾರೆ. ಗಿಟ್ಟನ್ನು 2005ರ ಏಪ್ರಿಲ್‌ನಲ್ಲಿ ರಚಿಸತೊಡಗಿದವರು ಲಿನಸ್ ಟೊರ್ವಾಲ್ಡ್ಸ್. ಅವರೂ ಫಿನ್ಲೆಂಡಿನಲ್ಲಿ ಹುಟ್ಟಿದವರೆಂಬುದು ಕೇವಲ ಆಕಸ್ಮಿಕ.

ಭಂಡಾರದಲ್ಲಿ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವ ಪದ್ಧತಿಯಿಲ್ಲ. ಪ್ರತಿಯೊಂದು ತಿದ್ದುಪಡಿಯಾದಾಗಲೂ ಇಡೀ ಲಿಪಿಯ ಆ ಕ್ಷಣದ ಚಿತ್ರವೊಂದು ದಾಖಲಾಗುತ್ತದೆ. ಬರೆದವನ ಹೆಸರು, ಕಾಲ, ಕಾರಣಗಳ ಜೊತೆಗೆ ಹಿಂದಿನ ಚಿತ್ರದ ಗುರುತೂ ಅದರಲ್ಲಿರುತ್ತದೆ. ಇವೆಲ್ಲವನ್ನೂ ಒಂದು ಗಣಿತಕ್ರಿಯೆಗೆ ಒಳಪಡಿಸಿ 40 ಅಕ್ಷರಗಳ ಗುರುತನ್ನು ಪಡೆಯುತ್ತಾರೆ. ಸಾಧ್ಯವಿರುವ ಇಂಥ ಗುರುತುಗಳ ಸಂಖ್ಯೆ 2ರ 160ನೆಯ ಘಾತ. ಎಂದರೆ 1ರ ಮುಂದೆ 48 ಸೊನ್ನೆಗಳನ್ನಿಟ್ಟರೆ ಬರುವುದಕ್ಕಿಂತಲೂ ಹೆಚ್ಚು. ಹತ್ತು ವರ್ಷದ ಹಿಂದಿನ ಲಿಪಿಯಲ್ಲಿ ಒಂದು ಅಲ್ಪವಿರಾಮವನ್ನು ಬದಲಿಸಿದರೂ ಅದರ ಗುರುತು ಬದಲಾಗಿ, ಅದರಿಂದ ಮುಂದಿನದು, ಅದರಿಂದ ಅದರ ಮುಂದಿನದು, ಹೀಗೆ ಇಂದಿನವರೆಗಿನ ಸರಪಳಿಯೇ ಬೇರೆಯಾಗುತ್ತದೆ. ಗುಟ್ಟಾಗಿ ತಿದ್ದುವುದು ಸುಲಭವಲ್ಲ. (ಒಂದೇ ಗುರುತುಳ್ಳ ಎರಡು ಬೇರೆ ದಾಖಲೆಗಳನ್ನು 2017ರಲ್ಲಿ ಸಂಶೋಧಕರು ಅಪಾರ ಗಣನೆಯಿಂದ ರಚಿಸಿ ತೋರಿಸಿದರು. ಅಂಥ ಕೃತಕ ಜೋಡಿಗಳನ್ನು ಪತ್ತೆಹಚ್ಚುವ ಏರ್ಪಾಡನ್ನು ಅನಂತರ ಗಿಟ್ಟಿಗೆ ಸೇರಿಸಲಾಯಿತು.)

ಸರ್ವರಿನ ಪಾಲಕನು 'ಫೆಚ್' ಎಂಬ ಆಜ್ಞೆಯನ್ನಿತ್ತಾಗ ಎರಡು ಭಂಡಾರಗಳು ತಮ್ಮ ಗುರುತುಗಳನ್ನು ಹೋಲಿಸಿ ನೋಡುತ್ತವೆ. ಇಲ್ಲಿ ಇಲ್ಲದಿರುವುದಷ್ಟೇ ಅಲ್ಲಿಂದ ಬರುತ್ತದೆ. ಬಂದದ್ದು ಉಗ್ರಾಣದಲ್ಲಿ ಕುಳಿತಿರುವುದೇ ಹೊರತು ಬಳಕೆಯ ಕಡತಗಳನ್ನು ಮುಟ್ಟುವುದಿಲ್ಲ. 'ಪುಲ್' ಎಂಬ ಆಜ್ಞೆಯಾದರೋ ತರುವುದನ್ನೂ ಬೆರೆಸುವುದನ್ನೂ ಒಟ್ಟಿಗೆ ಮಾಡುತ್ತದೆ. ಜನ ಆಡುತ್ತಿರುವ ಸರ್ವರಿಗೆ ಮೊದಲನೆಯದೇ ಲೇಸೆಂದು ನನ್ನ ಅಭಿಪ್ರಾಯ; ಬಂದದ್ದೇನೆಂದು ಓದಿ ನೋಡಲು ಅವಕಾಶವಿರುತ್ತದೆ. ಬಳಿಕ ಬಿಡುಗಡೆಯ ಮುದ್ರೆಯುಳ್ಳ ಆವೃತ್ತಿಯೊಂದನ್ನು ಆರಿಸಿ ಕಂಪೈಲ್ ಮಾಡಿ, ಸರ್ವರನ್ನು ಮತ್ತೆ ಆರಂಭಿಸಬೇಕು. ಅಲ್ಲಿಯವರೆಗೆ ಓಡುತ್ತಿರುವುದು ಹಳೆಯ ಕ್ರಮವಿಧಿಯೇ.

ಹೊಸದು ಸರಿಬೀಳದಿದ್ದರೆ? ಹಳೆಯ ಗುರುತನ್ನು ಹೇಳಿದರಾಯಿತು, ಹಳೆಯ ಲಿಪಿ ಅಕ್ಷರಶಃ ಹಿಂದಿರುಗುತ್ತದೆ. ಇಲ್ಲಿಯೇ ಅನೇಕರು ಎಡವುವುದು. ಭೌತಶಾಸ್ತ್ರದಲ್ಲಿ ನಾವು ಪ್ರತಿವರ್ತ್ಯ, ಅಪ್ರತಿವರ್ತ್ಯ ಕ್ರಿಯೆಗಳೆಂದು ಭೇದ ಮಾಡುತ್ತೇವೆ. ಮಂಜುಗಡ್ಡೆ ಕರಗಿ ನೀರಾಗಿ ಮತ್ತೆ ಮಂಜುಗಡ್ಡೆಯಾಗಬಲ್ಲುದು. ಹೆಪ್ಪುಗೊಂಡ ಮೊಸರು ಹಾಲಾಗಲಾರದು. ಕ್ರಮವಿಧಿ ಭಂಡಾರದಲ್ಲಿದೆ, ಆಟದ ಲೋಕ ಭಂಡಾರದಲ್ಲಿಲ್ಲ.

ಲುವಾಂಟಿಯಲ್ಲಿ ಲೋಕವನ್ನು ಉದ್ದ, ಅಗಲ, ಎತ್ತರಗಳಲ್ಲಿ 16ರಂತೆ, ಒಟ್ಟು 4096 ಘನಗಳ ಖಂಡಗಳನ್ನಾಗಿ ಶೇಖರಿಸುತ್ತಾರೆ. 2022ರಲ್ಲಿ ಬಿಡುಗಡೆಯಾದ 5.5.0 ಆವೃತ್ತಿಯಲ್ಲಿ ಖಂಡಗಳನ್ನು ಅಡಕಗೊಳಿಸುವ ವಿಧಾನವೇ ಬದಲಾಯಿತು. ಹೊಸ ಸರ್ವರು ಹಳೆಯ ಖಂಡವನ್ನು ಓದಬಲ್ಲುದು. ಆದರೆ ಮತ್ತೆ ಬರೆಯುವಾಗ ಹೊಸ ರೀತಿಯಲ್ಲಿ ಬರೆಯುತ್ತದೆ. ಅದನ್ನು ಹಳೆಯ ಸರ್ವರು ಓದಲಾರದು. ಆದುದರಿಂದ ಹೊಸದನ್ನು ಎರಡು ದಿನ ಓಡಿಸಿ ಹಳೆಯದಕ್ಕೆ ಮರಳಿದರೆ, ಯಾರೂ ಕಾಲಿಡದ ಕಾಡುಬೆಟ್ಟಗಳೆಲ್ಲ ಕ್ಷೇಮವಾಗಿರುತ್ತವೆ. ಕೆಡುವುದು ಜನ ಓಡಾಡಿ ಕಟ್ಟಿ ಬದಲಿಸಿದ ಊರೇ!

ಇದಕ್ಕೆ ಪರಿಹಾರ ಒಂದೇ: ಹೊಸದನ್ನು ಆರಂಭಿಸುವ ಮುನ್ನ ಲೋಕದ ಪ್ರತಿಯೊಂದನ್ನು ತೆಗೆದಿಡುವುದು. ಅದೂ ಸರ್ವರನ್ನು ನಿಲ್ಲಿಸಿದ ಮೇಲೆ. ಬರೆಯುತ್ತಿರುವ ಕಡತವನ್ನು ನಕಲು ಮಾಡಿದರೆ ಅರ್ಧ ಹಳೆಯದು, ಅರ್ಧ ಹೊಸದು ಬಂದು ನಕಲೇ ನಿರುಪಯೋಗಿಯಾಗಬಹುದು. ಹೊಸ ಕ್ರಮವಿಧಿಯನ್ನು ಮೊದಲು ಆ ಪ್ರತಿಯ ಇನ್ನೊಂದು ನಕಲಿನ ಮೇಲೆ ಓಡಿಸಿ, ಊರಿನ ನಡುವೆ ಒಮ್ಮೆ ಸುತ್ತಾಡಿ ಬರಬೇಕು.

ಆಡುವವರಿಗೂ ಮುಂಚಿತವಾಗಿ ತಿಳಿಸುವುದು ಅವಶ್ಯ. 2019ರಲ್ಲಿ 5.0.0 ಆವೃತ್ತಿ ಬಂದಾಗ ಸರ್ವರಿಗೂ ಆಟಗಾರನ ಗಣಕಕ್ಕೂ ನಡುವಣ ಸಂದೇಶಗಳ ಕಟ್ಟಳೆಯೇ ಬದಲಾಗಿ, 0.4 ಶ್ರೇಣಿಯನ್ನೇ ಉಳಿಸಿಕೊಂಡಿದ್ದವರು ಹೊಸ ಸರ್ವರುಗಳ ಬಾಗಿಲಲ್ಲೇ ನಿಲ್ಲಬೇಕಾಯಿತು.