ಕೆಂಪು ದ್ರಾಕ್ಷಿ ವೈನ್ ಆಗೋದು ಹೇಗೆ? ಆಗದಂತೆ ತಡೆದು ಸ್ಕ್ವಾಷ್ ಮಾಡೋದು ಹೇಗೆ?



ದ್ರಾಕ್ಷಿ ಸುಗ್ಗಿ ಬಂತೆಂದರೆ ಕುಷ್ಟಗಿ, ಕೊಪ್ಪಳ ಭಾಗದ ಸಭೆಗಳಲ್ಲಿ ಒಂದು ಮಾತು ಬಂದೇ ಬರುತ್ತದೆ. "ಅಕ್ಕಾರ, ವೈನ್ ಕಿಟ್ ಅಂತ ಸಿಗತೈತಂತ. ಮನ್ಯಾಗ ವೈನ್ ಮಾಡಿ ಮಾರಿದ್ರ ಸಂಘಕ್ಕ ಲಾಭ ಆಗೂದಿಲ್ಲೇನ್ರಿ? ಹಣ್ಣಂತೂ ನಮ್ಮ ಕಡೀಗೇ ಬೆಳಿತಾವ."

ಪ್ರಶ್ನೆ ಒಳ್ಳೆಯದೇ. ಹಣ್ಣು ನಮ್ಮದು, ಕೈ ನಮ್ಮದು, ಆದಾಯ ಮಾತ್ರ ಬೇರೆಯವರದ್ದು ಆಗಬಾರದು. ಆದರೆ ಸಂಘದ ಉಳಿತಾಯದ ಹಣ ಹಾಕುವ ಮೊದಲು ಮೂರು ವಿಷಯ ತಿಳಿದಿರಬೇಕು. ಆ ಕಿಟ್ಟಿನಲ್ಲಿ ಏನಿರುತ್ತದೆ? ಕಾನೂನು ಏನು ಹೇಳುತ್ತದೆ? ಅದೇ ಹಣ್ಣಿನಿಂದ ನಾವು ಧೈರ್ಯವಾಗಿ ಏನು ಮಾಡಿ ಮಾರಬಹುದು? ಈ ಸಲದ ಪಾಠ ಅದೇ.

1. ಕಿಟ್ಟಿನೊಳಗೆ ಏನಿರುತ್ತದೆ?

ಕೆನಡಾ, ಇಂಗ್ಲೆಂಡಿನಂಥ ಚಳಿ ದೇಶಗಳಲ್ಲಿ ಎಲ್ಲ ಕಡೆ ದ್ರಾಕ್ಷಿ ಬೆಳೆಯುವುದಿಲ್ಲ. ಅಲ್ಲಿನವರು ಮನೆಯಲ್ಲಿ ವೈನ್ ಮಾಡಲು ಪೆಟ್ಟಿಗೆಯಲ್ಲಿ ಸಾಮಾನು ತರಿಸಿಕೊಳ್ಳುತ್ತಾರೆ. ಒಂದು ದೊಡ್ಡ ಕಿಟ್ಟಿನಿಂದ ಸಾಮಾನ್ಯವಾಗಿ 23 ಲೀಟರ್, ಅಂದರೆ ಸುಮಾರು 30 ಬಾಟಲಿ ವೈನ್ ಆಗುತ್ತದೆ. ಅದರಲ್ಲಿ ಮುಖ್ಯವಾಗಿ ಇರುವುದು ಇಷ್ಟು:

ಕೆಂಪು ದ್ರಾಕ್ಷಿಯ ಗಟ್ಟಿ ರಸ: ನೀರಿನ ಅಂಶ ತೆಗೆದು ದಪ್ಪ ಮಾಡಿದ ರಸ. ಮನೆಯಲ್ಲಿ ಮತ್ತೆ ನೀರು ಸೇರಿಸಬೇಕು.

ಈಸ್ಟ್: ಬ್ರೆಡ್ ಉಬ್ಬಿಸುವ ಈಸ್ಟಿನ ಜಾತಿಯದೇ. ಕಣ್ಣಿಗೆ ಕಾಣದ ಜೀವಿ. ವೈನ್ ಮಾಡುವ ನಿಜವಾದ ಕೆಲಸಗಾರ ಇದೇ.

ಕೆ.ಎಂ.ಎಸ್. (ಪೊಟ್ಯಾಸಿಯಂ ಮೆಟಾಬೈಸಲ್ಫೈಟ್): ಬೇಡವಾದ ಸೂಕ್ಷ್ಮಜೀವಿಗಳನ್ನು ತಡೆಯುವ ಪುಡಿ. ವೈನ್ ಹಾಳಾಗದಂತೆಯೂ ಕಾಯುತ್ತದೆ.

ಪೊಟ್ಯಾಸಿಯಂ ಸಾರ್ಬೇಟ್: ಕೆಲಸ ಮುಗಿದ ಮೇಲೆ ಈಸ್ಟ್ ಮತ್ತೆ ಬೆಳೆಯದಂತೆ ತಡೆಯುವ ಪುಡಿ.

ಒಂದು ಬಗೆಯ ಜೇಡಿ ಮಣ್ಣಿನ ಪುಡಿ: ರಸ ತಿಳಿಯಾಗಲು.

ಇದರ ಜೊತೆಗೆ ಒಂದು ದೊಡ್ಡ ಡಬ್ಬಿ ಬೇಕು. ಮುಚ್ಚಳದ ಮೇಲೆ ನೀರು ತುಂಬಿದ ಸಣ್ಣ ನಳಿಕೆ ಇರುತ್ತದೆ. ಅದು ಒಳಗಿನ ಅನಿಲವನ್ನು ಹೊರಗೆ ಬಿಡುತ್ತದೆ, ಹೊರಗಿನ ಗಾಳಿಯನ್ನು ಒಳಗೆ ಬಿಡುವುದಿಲ್ಲ. ಹೈಡ್ರೋಮೀಟರ್ ಎಂಬ ಗಾಜಿನ ಕಡ್ಡಿಯೂ ಇರುತ್ತದೆ. ಹಾಲಿನ ಡೇರಿಯಲ್ಲಿ ಲ್ಯಾಕ್ಟೋಮೀಟರ್ ಮುಳುಗಿಸಿ ನೋಡುತ್ತಾರಲ್ಲ, ಹಾಗೆಯೇ ಇದನ್ನು ಮುಳುಗಿಸಿ ರಸದಲ್ಲಿ ಸಕ್ಕರೆ ಎಷ್ಟು ಉಳಿದಿದೆ ಎಂದು ಅಂದಾಜು ಮಾಡುತ್ತಾರೆ.

2. ರಸ ವೈನ್ ಆಗುವುದು ಹೇಗೆ?

ದೋಸೆ ಹಿಟ್ಟು ರಾತ್ರಿ ಇಟ್ಟರೆ ಬೆಳಿಗ್ಗೆ ಉಬ್ಬಿರುತ್ತದೆ. ಯಾರೂ ಊದಿದ್ದಲ್ಲ, ಒಳಗಿನ ಸೂಕ್ಷ್ಮಜೀವಿಗಳು ಬಿಟ್ಟ ಅನಿಲ ಅದು. ದ್ರಾಕ್ಷಿ ರಸದಲ್ಲೂ ಹೀಗೆಯೇ. ಈಸ್ಟ್ ಸಕ್ಕರೆಯನ್ನು ತಿನ್ನುತ್ತದೆ. ತಿಂದ ಸಕ್ಕರೆಯಲ್ಲಿ ಹೆಚ್ಚುಕಡಿಮೆ ಅರ್ಧ ತೂಕ ಮದ್ಯಸಾರ ಆಗುತ್ತದೆ, ಇನ್ನರ್ಧ ಇಂಗಾಲದ ಡೈಆಕ್ಸೈಡ್ ಅನಿಲವಾಗಿ ಗುಳ್ಳೆ ಗುಳ್ಳೆಯಾಗಿ ಹೊರಗೆ ಹೋಗುತ್ತದೆ.

ಒಂದು ಲೀಟರ್ ರಸದಲ್ಲಿ 200 ಗ್ರಾಂ ಸಕ್ಕರೆ ಇದ್ದು, ಅದೆಲ್ಲ ಹುದುಗಿದರೆ, ಸುಮಾರು ಶೇಕಡಾ 11ರಿಂದ 12ರಷ್ಟು ಮದ್ಯಸಾರ ಬರುತ್ತದೆ. ಸಾಮಾನ್ಯ ಬಿಯರಿನಲ್ಲಿ ಇರುವುದು ಶೇಕಡಾ 5ರ ಆಸುಪಾಸು. ಅಂದಮೇಲೆ "ವೈನ್ ಅಂದ್ರ ಬರೇ ಹಣ್ಣಿನ ರಸ" ಅನ್ನುವ ಮಾತು ಸುಳ್ಳು. ಅದು ಬಿಯರಿನ ಎರಡು ಪಟ್ಟು ಬಲದ ಮದ್ಯ.

ಇಲ್ಲಿ ಇನ್ನೊಂದು ಅಪಾಯವೂ ಇದೆ. ಈಸ್ಟನ್ನು ನಾವು ಹಾಕದಿದ್ದರೂ ಅದು ಹಣ್ಣಿನ ಸಿಪ್ಪೆಯ ಮೇಲೆ, ಪಾತ್ರೆಯಲ್ಲಿ, ಗಾಳಿಯಲ್ಲಿ ಇರುತ್ತದೆ. ಒಂದು ಸಂಘ ಹಸಿ ರಸಕ್ಕೆ ಸಕ್ಕರೆ ಹಾಕಿ, ಬಿಸಿ ಮಾಡದೆ, ಬಾಟಲಿಗೆ ತುಂಬಿ ಬಿರಡೆ ಬಿಗಿದು ಇಟ್ಟಿತು ಅಂತ ತಿಳಿಯಿರಿ. ನಮ್ಮ ಬೇಸಿಗೆಯಲ್ಲಿ ಎರಡು ಮೂರು ದಿನದಲ್ಲೇ ಒಳಗೆ ಅನಿಲ ತುಂಬತೊಡಗುತ್ತದೆ. ಹೊರಗೆ ಹೋಗಲು ದಾರಿ ಇಲ್ಲ. ಬಿರಡೆ ಹಾರಬಹುದು, ಗಾಜು ಒಡೆದು ಮಕ್ಕಳ ಮುಖಕ್ಕೆ ಸಿಡಿಯಬಹುದು. ಮಾರಿದ ಬಾಟಲಿಯಲ್ಲಿ ಹೀಗಾದರೆ ಸಂಘದ ಹೆಸರೂ ಹೋಗುತ್ತದೆ.

3. ಸಂಘದಲ್ಲಿ ವೈನ್ ಯಾಕೆ ಬೇಡ?

ಮೊದಲನೆಯದು ಕಾನೂನು. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು, ಮಾರುವುದು ಅಪರಾಧ. ವೈನ್ ಕೂಡ ಮದ್ಯವೇ. ಜೈಲು, ದಂಡ ಎರಡೂ ಇದೆ. ಪಕ್ಕದ ಕೇರಳದಲ್ಲಿ ಕ್ರಿಸ್‌ಮಸ್‌ಗೆ ಮನೆಯಲ್ಲಿ ವೈನ್ ಮಾಡುವ ರೂಢಿ ಹಿಂದಿನಿಂದ ಇದೆ. ಅಲ್ಲಿಯೂ 2019ರ ಡಿಸೆಂಬರಿನಲ್ಲಿ ಅಬಕಾರಿ ಇಲಾಖೆ ಪರವಾನಗಿ ಇಲ್ಲದ ಮನೆ ವೈನ್ ಅಪರಾಧ ಎಂದು ಎಚ್ಚರಿಕೆ ಕೊಟ್ಟಿತು. ನಮ್ಮ ರಾಜ್ಯದಲ್ಲಿ 2007ರಲ್ಲಿ ವೈನ್ ನೀತಿ ಬಂದಿದ್ದು ನಿಜ. ಆದರೆ ಅದು ಪರವಾನಗಿ ಪಡೆದು ನಡೆಸುವ ವೈನ್ ಘಟಕಗಳಿಗೆ, ಅಡುಗೆಮನೆಗೆ ಅಲ್ಲ.

ಎರಡನೆಯದು ಆರೋಗ್ಯ. "ಕೆಂಪು ವೈನ್ ಹೃದಯಕ್ಕ ಛಲೋ" ಅಂತ ಕೇಳಿರುತ್ತೀರಿ. ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ: ಆರೋಗ್ಯಕ್ಕೆ ಅಪಾಯವಿಲ್ಲದ ಮದ್ಯದ ಪ್ರಮಾಣ ಎಂಬುದೇ ಇಲ್ಲ. ಮದ್ಯ ಕ್ಯಾನ್ಸರಿಗೆ ಕಾರಣವಾಗುತ್ತದೆ, ಸ್ತನ ಕ್ಯಾನ್ಸರ್ ಕೂಡ ಅದರಲ್ಲಿ ಸೇರಿದೆ. ಗರ್ಭಿಣಿ ಕುಡಿದರೆ ಹೊಟ್ಟೆಯೊಳಗಿನ ಮಗುವಿಗೂ ಕೇಡು.

ಮೂರನೆಯದು ನಮ್ಮ ಮನೆಗಳ ಮಾತು. ಗಂಡನ ಕೂಲಿ ಸಾರಾಯಿ ಅಂಗಡಿಗೆ ಹೋಗಿ, ಮಕ್ಕಳು ಹಸಿದು ಮಲಗಿದ ರಾತ್ರಿಗಳನ್ನು ನಮ್ಮಲ್ಲಿ ಎಷ್ಟೋ ಜನ ಕಂಡಿದ್ದೇವೆ. ಹೆಣ್ಣುಮಕ್ಕಳ ಹೋರಾಟದ ನಂತರ 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಸಾವಿರಾರು ಹಳ್ಳಿ ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದುಕೊಂಡು ಹೋದರು. ಮನೆಯಲ್ಲಿ ಡಬ್ಬಿಗಟ್ಟಲೆ ವೈನ್ ಇಟ್ಟರೆ ಅದನ್ನು ಮೊದಲು ಯಾರು ಕುಡಿಯುತ್ತಾರೆ ಅಂತ ನೀವೇ ಹೇಳಿರಿ.

4. ಅದೇ ಪ್ರಶ್ನೆಗೆ ಇನ್ನೊಬ್ಬರು ಕಂಡ ಉತ್ತರ

1860ರ ದಶಕದಲ್ಲಿ ಫ್ರಾನ್ಸಿನಲ್ಲಿ ವೈನ್ ಕೆಡುವ ತೊಂದರೆ ಹೆಚ್ಚಾಗಿತ್ತು. ಲೂಯಿ ಪಾಶ್ಚರ್ ಎಂಬ ವಿಜ್ಞಾನಿ ಅದನ್ನು ಪರೀಕ್ಷಿಸಿ, ಹದವಾಗಿ ಬಿಸಿ ಮಾಡಿದರೆ ಕೆಡಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ ಎಂದು ತೋರಿಸಿದರು. ಇವತ್ತು ಹಾಲಿನ ಪಾಕೀಟಿನ ಮೇಲೆ "ಪಾಶ್ಚರೀಕರಿಸಿದ" ಅಂತ ಇರುತ್ತದಲ್ಲ, ಅದು ಅವರದೇ ಹೆಸರು.

1869ರಲ್ಲಿ ಅಮೆರಿಕದ ಥಾಮಸ್ ವೆಲ್ಚ್ ಎಂಬ ಹಲ್ಲಿನ ಡಾಕ್ಟರರು ಇದೇ ಉಪಾಯವನ್ನು ದ್ರಾಕ್ಷಿ ರಸಕ್ಕೆ ಹಚ್ಚಿದರು. ತಮ್ಮ ಮೆಥೊಡಿಸ್ಟ್ ಚರ್ಚಿನ ಆರಾಧನೆಗೆ ಮದ್ಯವಿಲ್ಲದ ರಸ ಬೇಕೆಂಬುದು ಅವರ ಆಸೆ. ರಸವನ್ನು ಬಾಟಲಿಯಲ್ಲಿ ತುಂಬಿ, ಬಿಸಿ ನೀರಿನಲ್ಲಿಟ್ಟು ಈಸ್ಟನ್ನು ಕೊಂದರು. ರಸ ರಸವಾಗಿಯೇ ಉಳಿಯಿತು. ಮುಂದೆ ಅವರ ಮಗ ಅದನ್ನೇ ದೊಡ್ಡ ಉದ್ಯೋಗ ಮಾಡಿದರು. ಈಸ್ಟನ್ನು ಸಾಕಿದರೆ ವೈನ್, ಈಸ್ಟನ್ನು ತಡೆದರೆ ರಸ. ನಾವು ಎರಡನೆಯ ದಾರಿ ಹಿಡಿಯೋಣ.

5. ಕೆಂಪು ದ್ರಾಕ್ಷಿ ಸ್ಕ್ವಾಷ್ ಮಾಡುವ ವಿಧಾನ

ಬೇಕಾಗುವ ಸಾಮಾನು: ಕಪ್ಪು ಅಥವಾ ಕೆಂಪು ದ್ರಾಕ್ಷಿ 2 ಕಿಲೋ (ಸೋಸಿದ ಮೇಲೆ 1 ಲೀಟರ್ ರಸ ಬೇಕು), ಸಕ್ಕರೆ 1 ಕಿಲೋ, ನೀರು ಅರ್ಧ ಲೀಟರ್, ಸಿಟ್ರಿಕ್ ಆಮ್ಲ (ನಿಂಬೆ ಉಪ್ಪು) 20 ಗ್ರಾಂ, ಆಹಾರಕ್ಕೆ ಬಳಸುವ ದರ್ಜೆಯ ಸೋಡಿಯಂ ಬೆಂಜೋಯೇಟ್ ಒಂದೂವರೆ ಗ್ರಾಂ.

1) ಗೊಂಚಲಿನಿಂದ ಹಣ್ಣು ಬಿಡಿಸಿರಿ. ಉದುರಿದ ಹಣ್ಣು ಅಗ್ಗಕ್ಕೆ ಸಿಗುತ್ತದೆ, ಬಳಸಬಹುದು. ಆದರೆ ಬೂಷ್ಟು ಹಿಡಿದದ್ದು, ಒಡೆದು ಹುಳಿ ವಾಸನೆ ಬಂದದ್ದು ಬೇಡ. ತೋಟದವರನ್ನು ಕೊನೆಯ ಸಲ ಔಷಧಿ ಹೊಡೆದದ್ದು ಯಾವಾಗ ಎಂದು ಕೇಳಿರಿ. ಮೂರು ಸಲ ಒಳ್ಳೆಯ ನೀರಿನಲ್ಲಿ ತೊಳೆಯಿರಿ.

2) ಸ್ಟೀಲ್ ಪಾತ್ರೆಯಲ್ಲಿ ಕೈಯಿಂದ ಕಿವುಚಿರಿ. ತಾಮ್ರ, ಕಬ್ಬಿಣ, ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿ ರಸಕ್ಕೆ ಅವು ಆಗಿಬರುವುದಿಲ್ಲ. ಮಿಕ್ಸಿಯೂ ಬೇಡ, ಬೀಜ ಒಡೆದರೆ ಒಗರು ಬರುತ್ತದೆ.

3) ಸಣ್ಣ ಉರಿಯಲ್ಲಿ 60ರಿಂದ 65 ಡಿಗ್ರಿ ಬಿಸಿಯಲ್ಲಿ 10–15 ನಿಮಿಷ ಇಡಿರಿ. ಕುದಿಸಬೇಡಿರಿ. ಬಣ್ಣ ಇರುವುದು ಸಿಪ್ಪೆಯಲ್ಲಿ, ಈ ಬಿಸಿಗೆ ಅದು ರಸಕ್ಕೆ ಇಳಿಯುತ್ತದೆ. ಒಂದು ಥರ್ಮಾಮೀಟರ್ ಸಂಘಕ್ಕೆ ತಂದಿಟ್ಟುಕೊಳ್ಳುವುದು ಒಳ್ಳೆಯದು.

4) ಆರಿದ ಮೇಲೆ ತೊಳೆದು ಕುದಿಸಿ ಒಣಗಿಸಿದ ಬಟ್ಟೆಯಲ್ಲಿ ಸೋಸಿರಿ. ಮೂರು ನಾಲ್ಕು ತಾಸು ಮುಚ್ಚಿಟ್ಟು, ಮೇಲಿನ ತಿಳಿ ರಸ ಬಗ್ಗಿಸಿಕೊಳ್ಳಿರಿ. ಫ್ರಿಜ್ ಇದ್ದರೆ ಮಾತ್ರ ರಾತ್ರಿಯಿಡೀ ಇಡಬಹುದು.

5) ಸಕ್ಕರೆ, ನೀರು, ನಿಂಬೆ ಉಪ್ಪು ಸೇರಿಸಿ ಒಂದು ಕುದಿ ಬರಿಸಿ ಸೋಸಿರಿ. ಪೂರ್ತಿ ಆರಿದ ಮೇಲೆ ರಸ ಅಳೆದು ಕೂಡಿಸಿರಿ.

6) ಸೋಡಿಯಂ ಬೆಂಜೋಯೇಟನ್ನು ಎರಡು ಚಮಚ ಬಿಸಿ ನೀರಿನಲ್ಲಿ ಕರಗಿಸಿ ಹಾಕಿ ಚೆನ್ನಾಗಿ ಕಲಕಿರಿ. ಇದನ್ನು ಗ್ರಾಂ ತಕ್ಕಡಿಯಲ್ಲೇ ತೂಗಬೇಕು, ಚಿಟಿಕೆ ಲೆಕ್ಕ ಸಲ್ಲದು. ಹೆಚ್ಚಾದರೆ ಕಾನೂನಿಗೆ ವಿರುದ್ಧ, ಕಡಿಮೆಯಾದರೆ ಹುದುಗುತ್ತದೆ.

7) ಗಾಜಿನ ಬಾಟಲಿಗಳನ್ನು ನೀರಿನಲ್ಲಿ ಅರ್ಧ ತಾಸು ಕುದಿಸಿ ಒಣಗಿಸಿ, ಎರಡು ಬೆರಳು ಜಾಗ ಬಿಟ್ಟು ತುಂಬಿರಿ. ಹಳೆಯ ಮದ್ಯದ ಬಾಟಲಿ ಯಾವ ಕಾರಣಕ್ಕೂ ಬೇಡ.

ಕುಡಿಯುವಾಗ ಒಂದು ಪಾಲು ಸ್ಕ್ವಾಷಿಗೆ ಮೂರು ಪಾಲು ತಣ್ಣೀರು.

ಕಿಟ್ಟಿನಲ್ಲಿದ್ದ ಕೆ.ಎಂ.ಎಸ್. ಇಲ್ಲಿ ಯಾಕೆ ಬೇಡ ಅಂತ ಕೇಳಬಹುದು. ಅದು ದ್ರಾಕ್ಷಿಯ ಕೆಂಪು ಬಣ್ಣವನ್ನು ಮಂಕು ಮಾಡುತ್ತದೆ. ನಿಂಬೆ, ಮಾವಿನಂಥ ಹಣ್ಣಿಗೆ ಕೆ.ಎಂ.ಎಸ್., ಕೆಂಪು ಹಣ್ಣಿಗೆ ಬೆಂಜೋಯೇಟ್ ಎಂದು ನೆನಪಿಡಿರಿ. ಬೆಂಜೋಯೇಟ್ ಹುಳಿಯಲ್ಲಿ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕೇ ನಿಂಬೆ ಉಪ್ಪು ಬಿಡುವಂತಿಲ್ಲ. ಕುಷ್ಟಗಿ, ಯಲಬುರ್ಗಾ ಕಡೆಯ ದಾಳಿಂಬೆಗೂ ಇದೇ ಅಳತೆ ಹಿಡಿಯಬಹುದು. ಅದರ ಕಾಳನ್ನು ಬಿಸಿ ಮಾಡುವುದು ಬೇಡ, ಬೀಜ ಒಡೆಯದಂತೆ ಹಿಂಡಿ, ರಸ ಮಾತ್ರ ಬಿಸಿ ಮಾಡಿರಿ.

6. ಲೆಕ್ಕ ಮತ್ತು ನೋಂದಣಿ

10 ಕಿಲೋ ಹಣ್ಣಿಗೆ 5 ಲೀಟರ್ ರಸ ಹಿಡಿಯಿರಿ. 5 ಕಿಲೋ ಸಕ್ಕರೆ, ಎರಡೂವರೆ ಲೀಟರ್ ನೀರು ಸೇರಿ 700 ಮಿ.ಲೀ.ನ ಸುಮಾರು 14 ಬಾಟಲಿ ಆಗುತ್ತದೆ. ಹಣ್ಣು, ಸಕ್ಕರೆ, ಬಾಟಲಿ, ಚೀಟಿ, ಗ್ಯಾಸು, ಬಸ್ ಚಾರ್ಜು ಎಲ್ಲ ಬರೆಯಿರಿ. ನಿಮ್ಮ ಕೂಲಿಯನ್ನೂ ಬರೆಯಿರಿ. "ನಮ್ಮ ಕೆಲಸಕ್ಕ ಏನ್ ರೊಕ್ಕ ಬಿಡ್ರಿ" ಅನ್ನಬಾರದು. ಎಲ್ಲ ಕೂಡಿಸಿ 14ರಿಂದ ಭಾಗಿಸಿದರೆ ಒಂದು ಬಾಟಲಿಯ ಅಸಲು ಬರುತ್ತದೆ. ಲಾಭ ಅದರ ಮೇಲೆ.

ಮಾರುವ ಮೊದಲು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಕೆಳಗೆ ನೋಂದಣಿ ಮಾಡಿಸಬೇಕು. ಆಗ 14 ಅಂಕಿಯ ಸಂಖ್ಯೆ ಸಿಗುತ್ತದೆ. ಚೀಟಿಯ ಮೇಲೆ ಆ ಸಂಖ್ಯೆ, ಸಾಮಾನುಗಳ ಹೆಸರು, ಬೆಂಜೋಯೇಟ್ ಹಾಕಿದ ವಿಷಯ, ಅಳತೆ, ಬೆಲೆ, ತಯಾರಿಸಿದ ದಿನ, ಬಳಕೆಯ ಅವಧಿ, ತಂಡದ ಸಂಖ್ಯೆ, ಸಂಘದ ವಿಳಾಸ, ಹಸಿರು ಚುಕ್ಕೆ ಇರಬೇಕು. ತರಬೇತಿಗೆ ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರವನ್ನೂ ಮುನಿರಾಬಾದಿನ ತೋಟಗಾರಿಕೆ ಕಾಲೇಜನ್ನೂ ಕೇಳಿರಿ.

ಮೊದಲ ಸಲ 10 ಕಿಲೋದಲ್ಲೇ ಮಾಡಿರಿ. ಎರಡು ಬಾಟಲಿಯನ್ನು ಮಾರದೆ ಒಂದು ಪೆಟ್ಟಿಗೆಯಲ್ಲಿಟ್ಟು ಒಂದು ತಿಂಗಳು ಗಮನಿಸಿರಿ. ಗುಳ್ಳೆ ಎದ್ದರೆ, ಬಿರಡೆ ಉಬ್ಬಿದರೆ, ತೆಗೆದಾಗ ಹೆಂಡದ ವಾಸನೆ ಬಂದರೆ, ಆ ತಂಡದ ಒಂದು ಬಾಟಲಿಯನ್ನೂ ಮಾರಬೇಡಿರಿ. ಎಲ್ಲಿ ತಪ್ಪಾಯಿತು ಎಂದು ಹುಡುಕಿರಿ.

ಸಭೆಯಲ್ಲಿ ಚರ್ಚಿಸಿರಿ:

1. ಬಾಟಲಿಯೊಳಗೆ ಗುಳ್ಳೆ ಬಂದರೆ ಒಳಗೆ ಏನು ನಡೆದಿದೆ?
2. "ಸ್ವಲ್ಪ ವೈನ್ ಕುಡಿದ್ರ ಏನೂ ಆಗೂದಿಲ್ಲ" ಅನ್ನುವವರಿಗೆ ಏನು ಹೇಳುತ್ತೀರಿ?
3. ನಿಮ್ಮ ಊರಿನಲ್ಲಿ ಸುಗ್ಗಿಯಲ್ಲಿ ಯಾವ ಹಣ್ಣು ಹಾಳಾಗಿ ಹೋಗುತ್ತದೆ? ಯಾರ ತೋಟದಿಂದ, ಯಾವ ದರಕ್ಕೆ ತರಬಹುದು?
4. ತೂಕದ ಕೆಲಸ ಯಾರು, ಲೆಕ್ಕ ಯಾರು, ಮಾರಾಟ ಯಾರು? ಇಂದೇ ಹೆಸರು ಬರೆದು ನಡಾವಳಿ ಪುಸ್ತಕಕ್ಕೆ ಸಹಿ ಹಾಕಿರಿ.